ಕತ್ತಲಲ್ಲಿ ಮುಚ್ಚಳ ತೆಗೆದವನ ಪಾಡು

ಹಗಲು ಹೊತ್ತು ಫೋಟೋ ತೆಗೆಯುವವನಿಗೆ ಗಿರಾಕಿಗಳಷ್ಟೇ ಗಂಟುಬೀಳುತ್ತಾರೆ. ಕತ್ತಲಲ್ಲಿ ತೆಗೆಯಲು ಹೊರಟವನಿಗೆ ಜನ, ದನ, ಮಂಗ, ದೆವ್ವ ಎಲ್ಲವೂ ಗಂಟುಬೀಳುತ್ತವೆ. ಒಂದು ಪೀಡೆ ಕಳೆಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು "ಫೋಟೋದವರು ಅದಾರೇನ್ರಿ?" ಅನ್ನುತ್ತಿತ್ತು.

ನಮ್ಮ ಬಾಗಲಕೋಟೆಗೆ ಆಗ ರೈಲು ಬಂದಿತ್ತು, ವಿದ್ಯುತ್ ದೀಪ ಬಂದಿರಲಿಲ್ಲ. ನನ್ನ ಕ್ಯಾಮರಾ ಅಂದರೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತ ಒಂದು ಮರದ ಪೆಟ್ಟಿಗೆ. ಅದರೊಳಗೆ ಮದ್ದು ಬಳಿದ ಗಾಜಿನ ಪ್ಲೇಟು. ಕ್ಯಾಮರಾದ ಕಣ್ಣಿಗೆ ಒಂದು ಹಿತ್ತಾಳೆಯ ಮುಚ್ಚಳ. ಮುಚ್ಚಳ ತೆಗೆದರೆ ಬೆಳಕು ಒಳಗೆ ಹೋಗಿ ಮದ್ದಿನ ಮೇಲೆ ಚಿತ್ರ ಬರೆಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಬಿಸಿಲಿದ್ದರೆ ಕಣ್ಣು ಪಿಳುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ಕತ್ತಲಿದ್ದರೆ ಮುಚ್ಚಳ ತೆಗೆದು ಕಾಯಬೇಕು. ಆ ಕಾಯುವ ಹೊತ್ತಿನಲ್ಲೇ ನನ್ನ ಜನ್ಮ ಸವೆದದ್ದು.

"ಹಗಲು ತಗದು ಸುಖಾ ಇರಬಾರದೇನು?" ಎಂದು ಕೇಳಬಹುದು. ಕೇಳದವರು ಯಾರೂ ಇರಲಿಲ್ಲ. ಆದರೆ ಹಗಲು ತೆಗೆಯುವವನೊಬ್ಬ ಊರಲ್ಲಿ ಆಗಲೇ ಇದ್ದ. ಬಣ್ಣದ ಪರದೆ ಕಟ್ಟಿ, ಅದರ ಮುಂದೆ ಸಾವಕಾರರನ್ನು ಕುರ್ಚಿಯ ಮೇಲೆ ಕೂಡಿಸಿ ತೆಗೆಯುತ್ತಿದ್ದ. ನನಗೆ ಹುಚ್ಚು ಬೇರೆ. ಬೆಳದಿಂಗಳು ಬೇಕು, ಗುಹೆಯೊಳಗಿನ ಕತ್ತಲು ಬೇಕು, ಒಂದು ಸಣ್ಣ ಕಿಂಡಿಯಿಂದ ಮಗ್ಗದ ಮೇಲೆ ಬೀಳುವ ಬೆಳಕು ಬೇಕು.

ನನ್ನ ಹೆಂಡತಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು: "ಕತ್ತಲಾಗ ತಗೀತೀರಿ, ಕತ್ತಲಾಗ ತೊಳೀತೀರಿ. ಇನ್ನ ಮಂದಿಗೆ ಕತ್ತಲಾಗ ತೋರಿಸಿಬಿಟ್ರ ಯಾರೂ ತಪ್ಪು ಹಿಡಿಯೂದಿಲ್ಲ."

ಗಾಜಿನ ಮಾಲು

ಮಂದ ಬೆಳಕಿಗೆಂದೇ ಮಾಡಿದ ಹೊಸ ಬಗೆಯ ಪ್ಲೇಟುಗಳು ಮುಂಬೈಗೆ ಬಂದಿವೆ ಎಂದು ತಿಳಿದು ಬರೆದು ತರಿಸಿದ್ದೆ. ಇನ್ನು ನನ್ನನ್ನು ಹಿಡಿಯುವವರು ಯಾರು ಅಂದುಕೊಂಡಿದ್ದೆ. ಪಾರ್ಸಲ್ ಸ್ಟೇಶನ್ನಿಗೆ ಬಂತು, ಅದೇ ದಿನ ನನಗೆ ಚಳಿಜ್ವರವೂ ಬಂತು.

ನಮ್ಮ ಓಣಿಯಲ್ಲಿ ಬಳೆ ಮಾರುವ ಚಾಚಾ ಒಬ್ಬರಿದ್ದರು. ಬಹಳ ಒಳ್ಳೆಯ ಜೀವ. ನನ್ನ ಪೇಚಾಟ ನೋಡಿ, "ನೀವು ಮಲಕೋರಿ, ನಾ ಹೋಗಿ ತರ್ತೇನಿ" ಅಂದರು.

"ಚಾಚಾ, ಗಾಜಿನ ಮಾಲು ಐತಿ, ಜ್ವಾಕಿ."

ಅವರಿಗೆ ಸಿಟ್ಟೇ ಬಂತು. "ಗಾಜಿನ ಮಾಲಿನ ಬಗ್ಗೆ ನನಗ ಹೇಳ್ತೀರಿ? ನಮ್ಮಜ್ಜನ ಕಾಲದಿಂದ ಗಾಜಿನ ಜೋಡಿ ಬಾಳೇ ಮಾಡೇವ್ರಿ ನಾವು."

ಸಂಜೆ ಪಾರ್ಸಲ್ ಹಿಡಿದು ನಗುತ್ತಾ ಬಂದರು. "ಒಂದೂ ಒಡದಿಲ್ಲ ನೋಡ್ರಿ."

"ಒಳಗಿಂದು ನಿಮಗ ಹ್ಯಾಂಗ ಗೊತ್ತಾತು ಚಾಚಾ?"

"ಹ್ಯಾಂಗ ಅಂದ್ರ? ಬಿಚ್ಚಿ ನೋಡೇನಿ. ಮುಂಬೈ ಮಂದಿನ್ನ ನಂಬಾಕ ಬರ್ತೈತೇನು? ಒಂದೊಂದ ತಗದು ಬಿಸಿಲಿಗೆ ಹಿಡದು ನೋಡೇನಿ. ಬಿರುಕಿಲ್ಲ, ಗುಳ್ಳಿ ಇಲ್ಲ. ಮಾಲು ಚಲೋ ಐತಿ."

ನನ್ನ ಜ್ವರ ಅಲ್ಲೇ ಇಳಿದು ಮೈ ತಣ್ಣಗಾಯಿತು. ಆ ಪ್ಲೇಟಿಗೆ ಮಿಣುಕು ಹುಳದ ಬೆಳಕು ಬಿದ್ದರೂ ಕೆಡುತ್ತದೆ. ಇವರು ಬಾಗಲಕೋಟೆಯ ಬಿಸಿಲನ್ನೇ ತೋರಿಸಿದ್ದರು. ನನ್ನ ಮುಖ ನೋಡಿ ಅವರಿಗೆ ಮರುಕ ಬಂತು. ಹತ್ತಿರ ಕೂತು ದನಿ ಇಳಿಸಿ ಹೇಳಿದರು:

"ಆದ್ರ ನಿಮಗ ಮೋಸಾ ಮಾಡಿದ್ರು ನೋಡ್ರಿ. ಪ್ರತಿಯೊಂದು ಗಾಜಿಗೂ ಒಂದು ಕಡೆ ಏನೋ ಹೊಲಸು ಬಳದು ಕಳಿಸಿದ್ರು. ನಾ ಬಿಡ್ತೇನೇನು? ಮನಿಗೆ ಒಯ್ದು, ಬಿಸಿನೀರಾಗ ನೆನಸಿ, ತಿಕ್ಕಿ ತಿಕ್ಕಿ ತಗದೇನಿ. ಈಗ ಹಿಡದು ನೋಡ್ರಿ, ಮಾರಿ ಕಾಣ್ತೈತಿ!"

ಕಂಡಿತು. ನನ್ನ ಮುಖವೇ ಕಂಡಿತು. ಅದನ್ನು ನೋಡುವ ಧೈರ್ಯ ಮಾತ್ರ ನನಗಿರಲಿಲ್ಲ.

ಕಲ್ಲುಸಕ್ಕರೆ

ಇದು ಸಣ್ಣ ಪ್ರಸಂಗ. ಆದರೆ ಹೇಳದೇ ಇದ್ದರೆ ನನ್ನ ಹೆಂಡತಿಯ ತವರಿನವರು ತಾವೇ ಹೇಳುತ್ತಾರೆ, ಅದಕ್ಕಿಂತ ನಾನೇ ಹೇಳುವುದು ಒಳ್ಳೆಯದು.

ಜೋಳ ಇಡುವ ಖೋಲಿಯೇ ನನ್ನ ಕತ್ತಲಕೋಣೆ. ಅಲ್ಲಿ ಜೋಳದ ಚೀಲದ ಮೇಲೆ ಪ್ಲೇಟನ್ನು ಮದ್ದಿನ ನೀರಿನಲ್ಲಿ ತೊಳೆದು ಚಿತ್ರ ಮೂಡಿಸುವ ಸಾಮಾನು ಇಟ್ಟಿದ್ದೆ. ಅದರಲ್ಲಿ ಹೈಪೋ ಎಂಬ ಒಂದು ಉಪ್ಪು. ನೋಡಲು ಅಚ್ಚ ಕಲ್ಲುಸಕ್ಕರೆಯೇ.

ಹೆಂಡತಿಯ ದೊಡ್ಡಪ್ಪ ಊರಿಂದ ಬಂದಿದ್ದರು. ಅವರಿಗೆ ಊಟವಾದ ಮೇಲೆ ಬಾಯಿಗೆ ಏನಾದರೂ ಸಿಹಿ ಬೇಕು. ಮನೆಯವರನ್ನು ಕೇಳಲು ನಾಚಿಕೆ. ತಾವೇ ಖೋಲಿಗೆ ಹೋಗಿ, ಡಬ್ಬಿ ಹುಡುಕಿ, ಒಂದು ಹಿಡಿ ಬಾಯಿಗೆ ಹಾಕಿಕೊಂಡು ಬಂದರು. "ಸಕ್ಕರಿ ಸಿಹಿ ಕಡಿಮಿ ಐತಿ, ಅಂಗಡಿ ಬದಲಿ ಮಾಡ್ರಿ" ಎಂದು ಬುದ್ಧಿ ಬೇರೆ ಹೇಳಿದರು.

ಖೋಲಿಗೆ ಹೋಗಿ ನೋಡಿದರೆ ಹೈಪೋದ ಡಬ್ಬಿ ತೆರೆದಿತ್ತು. ವಿಷವೋ ಏನೋ ಯಾರಿಗೆ ಗೊತ್ತು? ದವಾಖಾನಿಯ ಡಾಕ್ಟರರಲ್ಲಿಗೆ ಓಡಿದೆ. ಅವರು ನಕ್ಕು, "ಪ್ರಾಣಕ್ಕೇನು ಧಕ್ಕಿ ಇಲ್ಲ, ತಂಬಿಗಿ ತುಂಬಿಸಿ ಇಡ್ರಿ" ಅಂದರು. ದೊಡ್ಡಪ್ಪನವರು ಬೆಳಗಾಗುವವರೆಗೆ ತಂಬಿಗೆ ಕೆಳಗಿಡಲಿಲ್ಲ. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು.

ಮರುದಿನ ಹೊರಡುವಾಗ ದೊಡ್ಡಪ್ಪ ನನ್ನನ್ನು ಒಂದು ಕಡೆಗೆ ಕರೆದರು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ. ಅವರು ನನ್ನ ಕೈ ಹಿಡಿದುಕೊಂಡರು.

"ಅಳಿಯಂದಿರ, ಎಷ್ಟೋ ವರ್ಷದ ಹೊಟ್ಟಿ ತ್ರಾಸು ಒಂದ ರಾತ್ರ್ಯಾಗ ಹೋತು. ಎಷ್ಟ ವೈದ್ಯರಿಗೆ ತೋರಿಸಿದ್ದೆ! ಇನ್ನೊಂದೀಟು ಪುಡಿಕಿ ಕಟ್ಟಿ ಕೊಡ್ರಿ, ನಿಮ್ಮ ಅತ್ತಿಗೂ ಬೇಕಾಗೈತಿ."

ಬಾದಾಮಿಯ ಗುರುಗಳು

ಬಾದಾಮಿಯ ಮೇಣಬಸದಿಗಳ, ಅಂದರೆ ಬಂಡೆ ಕೊರೆದ ಗುಹೆಗುಡಿಗಳ, ಒಳಗೆ ಫೋಟೋ ತೆಗೆಯಬೇಕೆಂಬುದು ನನ್ನ ಬಹುದಿನದ ಆಸೆ. ಹೊರಗಿನ ಪಡಸಾಲೆಗೆ ಬಿಸಿಲು ಬರುತ್ತದೆ. ಒಳಗೆ ಹೋದ ಹಾಗೆ ಬಂಡೆಯ ಕತ್ತಲು. ಅಲ್ಲಿಯ ಕಂಬದ ಕೆತ್ತನೆಯನ್ನು ಹಿಡಿಯಲು ಹೋಗಿ ಹಲವು ಸಲ ಸೋತು ಬಂದಿದ್ದೆ. ಪ್ರತಿ ಸಲವೂ ಕರ್ರಗೆ ಬರುತ್ತಿತ್ತು. ಒಂದನ್ನು ಹೆಂಡತಿಗೆ ತೋರಿಸಿದರೆ, "ಇದು ಬಸದ್ಯೋ, ನಮ್ಮ ಬಚ್ಚಲೋ?" ಎಂದು ಕೇಳಿದ್ದಳು.

ತಪ್ಪು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಸ್ಟ್ಯಾಂಡು ಅಲುಗದಂತೆ ಕಾಲಿಗೆ ಕಲ್ಲು ಕಟ್ಟಿದೆ. ಬೆಳಕು ಸಾಲದೆಂದು ಚಕ್ಕಡಿ ಹೊಡೆಯುವವನ ಕೈಯಲ್ಲಿ ಬಿಳಿ ಧೋತರ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದೆ. ಬಿಸಿಲು ಧೋತರಕ್ಕೆ ಬಡಿದು ಒಳಗೆ ಬರಲಿ ಎಂದು.

"ಏನ್ರಿ ಇದು," ಎಂದು ಅವನು ಗೊಣಗಿದ. "ಎತ್ತು ಹೊಡೆಯೂ ಗಂಡಸು ನಾ. ಅರಿವಿ ಒಣಹಾಕೂ ಹಗ್ಗಾ ಮಾಡಿಬಿಟ್ರಿ."

"ಅಳ್ಳಾಡಬ್ಯಾಡೋ ಮಾರಾಯ" ಎಂದು ಬೇಡಿಕೊಂಡು, ಕ್ಯಾಮರಾದ ಮುಚ್ಚಳ ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟು ಎಣಿಸತೊಡಗಿದೆ. ಒಂದು ರಾಮ, ಎರಡು ರಾಮ...

ಅಷ್ಟರಲ್ಲಿ ಒಂದು ಗಡವ ಮಂಗ ಬಂದು ಮುಚ್ಚಳ ಎತ್ತಿಕೊಂಡು ಹೊರಕ್ಕೆ ಓಡಿತು.

ರಾಮ ಮರೆತುಹೋದ. "ಹಿಡಿಯೋ ಅದನ್ನ!" ಎಂದು ನಾನೂ ಓಡಿದೆ. ಚಕ್ಕಡಿಯವ ಧೋತರ ಬಿಸಾಕಿ ಓಡಿದ. ಮಂಗ ಬಂಡೆ ಏರಿ ಕೂತು ಹಿತ್ತಾಳೆ ಮುಚ್ಚಳವನ್ನು ಮೂಸಿತು, ಕಚ್ಚಿತು, ತಲೆಯ ಮೇಲೆ ಇಟ್ಟುಕೊಂಡು ನೋಡಿತು. ನನಗಿಂತ ಅದಕ್ಕೇ ಒಪ್ಪುತ್ತಿತ್ತು.

"ರೊಟ್ಟಿ ತೋರ್ಸೂಣ್ರಿ, ರೊಟ್ಟಿ ಆಸೆಕ್ಕ ಮುಚ್ಚಳಾ ಒಗೀತೈತಿ" ಎಂದ ಚಕ್ಕಡಿಯವ. ನಮ್ಮ ಬುತ್ತಿ ಬಿಚ್ಚಿ ಒಂದು ರೊಟ್ಟಿ ಎಸೆದೆವು. ಮಂಗ ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡು ರೊಟ್ಟಿ ಹಿಡಿಯಿತು. ಇನ್ನೊಂದು ಎಸೆದೆವು. ಅದರ ಹೆಂಡತಿ ಬಂದಳು. ಮತ್ತೊಂದು ಎಸೆದೆವು. ಬೀಗರೆಲ್ಲ ಬಂದರು. ಕೊನೆಗೆ ಬುತ್ತಿಯ ಅರಿವೆಯನ್ನೂ ಕಸಿದುಕೊಂಡು, ಮುಚ್ಚಳದ ಸಮೇತ ಗುಡ್ಡದಾಚೆ ಮಾಯವಾದವು.

ಹಸಿದು, ಬೆವೆತು ಒಳಗೆ ಬಂದಾಗ ನೆನಪಾಯಿತು: ಕ್ಯಾಮರಾದ ಕಣ್ಣು ತೆರೆದೇ ಇದೆ! ತಲೆಯ ಮೇಲಿನ ಟೊಪ್ಪಿಗೆ ತೆಗೆದು ಅದಕ್ಕೆ ಮುಚ್ಚಿದೆ. ಆ ಪ್ಲೇಟು ಹೋಯಿತು ಎಂದೇ ಲೆಕ್ಕ. ಮನೆಗೆ ಬಂದು ತೊಳೆದದ್ದೂ ಗಾಜನ್ನಾದರೂ ಉಳಿಸಿಕೊಳ್ಳೋಣ ಎಂದು.

ನೋಡಿದರೆ, ಅದುವರೆಗೆ ನಾನು ತೆಗೆದ ಯಾವ ಚಿತ್ರವೂ ಹಾಗೆ ಬಂದಿರಲಿಲ್ಲ! ಕಂಬದ ಮೇಲಿನ ಮುತ್ತಿನ ಸರದ ಒಂದೊಂದು ಮುತ್ತೂ ಕಾಣುತ್ತಿತ್ತು. ನನ್ನ ತಪ್ಪು ಆಗ ತಿಳಿಯಿತು. ಹೆಚ್ಚು ಬೆಳಕು ಬಿದ್ದು ಕೆಟ್ಟೀತೆಂದು ಹೆದರಿ, ಕತ್ತಲಿಗೆ ಬೇಕಾದಷ್ಟು ಹೊತ್ತನ್ನು ನಾನು ಕೊಟ್ಟೇ ಇರಲಿಲ್ಲ.

ಇಷ್ಟು ಒಳಗೊಳಗೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಸಂತೋಷದಲ್ಲಿ ಚಕ್ಕಡಿಯವನಿಗೆ ಹೇಳಿಬಿಟ್ಟೆ. ಅಲ್ಲಿಂದ ಮುಂದೆ ಪೇಟೆಯಲ್ಲಿ ಯಾರು ಸಿಕ್ಕರೂ ಕೈಮುಗಿದು ಕೇಳುವುದು ಒಂದೇ: "ಬಾದಾಮ್ಯಾಗ ನಿಮ್ಮ ಗುರುಗಳು ಅರಾಮ ಅದಾರೇನ್ರಿ?"

ಕಣ್ಣು ಮುಚ್ಚಿದ ಕಚೇರಿ

ಹುನಗುಂದದಲ್ಲಿ ಒಂದು ಕಚೇರಿ. ಯಾವುದು ಎಂದು ಹೇಳುವುದಿಲ್ಲ, ನನಗೂ ಆ ಊರಿಗೆ ಮತ್ತೆ ಹೋಗಬೇಕಾಗುತ್ತದೆ. ಅಲ್ಲಿಯ ಸಾಹೇಬರಿಗೆ ವರ್ಗ ಆಗಿತ್ತು. ಕಾರಕೂನರೆಲ್ಲ ಸೇರಿ ಹಾರ ಹಾಕಿ ಫೋಟೋ ತೆಗೆಸಬೇಕೆಂದು ನನ್ನನ್ನು ಕರೆಸಿದ್ದರು.

ಮಧ್ಯಾಹ್ನ ಬರಬೇಕಾದ ಸಾಹೇಬರು ತಿರುಗಾಟ ಮುಗಿಸಿ ಬಂದಾಗ ದೀಪ ಹಚ್ಚುವ ಹೊತ್ತು. ಮರುದಿನ ಮುಂಜಾನೆ ಅವರು ಊರು ಬಿಡಬೇಕು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಹತ್ತಿರ ಮೆಗ್ನೀಶಿಯಂ ಪುಡಿ ಇತ್ತು. ತಗಡಿನ ಮೇಲೆ ಹಾಕಿ ಕಿಡಿ ಹಚ್ಚಿದರೆ ಭಗ್ಗೆಂದು ಮಿಂಚಿನಂಥ ಬೆಳಕು ಬರುತ್ತದೆ. ಅದೊಂದು ಕ್ಷಣದಲ್ಲಿ ಚಿತ್ರ ಬೀಳುತ್ತದೆ.

ಯಾರೂ ಬೆಚ್ಚಿಬೀಳದಿರಲಿ ಎಂದು ಮೊದಲೇ ಹೇಳಿದೆ. "ದೊಡ್ಡ ಬೆಳಕು ಬರ್ತೈತ್ರಿ. ಅಂಜಬ್ಯಾಡ್ರಿ. ಒಂದು, ಎರಡು, ಮೂರು ಅಂತೇನಿ. ಮೂರಕ್ಕ ಬರ್ತೈತಿ."

ಹೇಳಬಾರದಿತ್ತು. ಭಗ್ಗೆಂದಿತು, ಹೊಗೆ ತುಂಬಿತು, ಎಲ್ಲರೂ ಕೆಮ್ಮಿದರು. ಅಲ್ಲೇ ಒಂದು ಖೋಲಿಯಲ್ಲಿ ಕಂಬಳಿ ಕಟ್ಟಿಕೊಂಡು ಪ್ಲೇಟು ತೊಳೆದು ನೋಡಿದರೆ, ಸಾಹೇಬರಿಂದ ಹಿಡಿದು ಬಾಗಿಲು ಕಾಯುವ ಪಟ್ಟೇವಾಲಾನವರೆಗೆ ಒಬ್ಬರ ಕಣ್ಣೂ ತೆರೆದಿಲ್ಲ! ಹಾರ ಹಾಕಿಕೊಂಡು ಇಡೀ ಕಚೇರಿ ಗಾಢ ನಿದ್ರೆಯಲ್ಲಿದೆ.

ಸಾಹೇಬರು ಕಿಡಿಕಿಡಿಯಾದರು. "ಇನ್ನೊಂದು ತಗೀರಿ. ಈ ಸಲ ಯಾವ ಮಗಾ ಕಣ್ಣು ಮುಚ್ಚತಾನೋ ಅವನ ಹೆಸರು ಹೊಸಾ ಸಾಹೇಬ್ರಿಗೆ ಹೇಳೇ ಹೋಗ್ತೇನಿ."

ಎರಡನೆಯದು ತೆಗೆದೆ. ಈ ಸಲ ಹುಲಿ ಕಂಡ ಹಾಗೆ ಎಲ್ಲರ ಕಣ್ಣೂ ಹೊರಗೆ ಬಂದಿದ್ದವು. ಒಬ್ಬ ಕಾರಕೂನ ಎರಡು ಕೈಯಿಂದ ರೆಪ್ಪೆ ಎಳೆದು ಹಿಡಿದಿದ್ದ. ಕಣ್ಣು ಮುಚ್ಚಿದ್ದವರು ಒಬ್ಬರೇ, ಸಾಹೇಬರು.

ಪುಡಿ ಮುಗಿದಿತ್ತು. ಎರಡು ಚಿತ್ರಗಳನ್ನೂ ಹಿಡಿದು ಜಗಲಿಯ ಮೇಲೆ ತಲೆಗೆ ಕೈಹೊತ್ತು ಕೂತೆ. ಹಳೆಯ ಪಟ್ಟೇವಾಲಾ ಬಂದು ಪಕ್ಕದಲ್ಲಿ ಕೂತ.

"ಯಾವದು ಕೊಡ್ಲೋ ತಿಳಿವಲ್ದೋ ಮಾರಾಯ" ಅಂದೆ.

ಅವನು ಎರಡನ್ನೂ ಕಂದೀಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಎರಡೂ ಕೊಡ್ರಿ, ಎರಡೂ ಖರೇನ ಬಂದಾವು. ಒಂದು ರೈತರ ಅರ್ಜಿ ಬಂದಾಗಿಂದು, ಇನ್ನೊಂದು ಬೆಳಗಾವಿ ದೊಡ್ಡ ಸಾಹೇಬ್ರು ತಪಾಸಕ್ಕ ಬಂದಾಗಿಂದು."

ತೀರ್ಥದ ಮೇಲಿನ ಬೆಳಕು

ಬೆಳದಿಂಗಳಲ್ಲಿ ಬಾದಾಮಿಯ ಅಗಸ್ತ್ಯತೀರ್ಥ. ಕೆರೆಯಾಚೆ ಕೆಂಪು ಗುಡ್ಡ, ಗುಡಿ, ನೀರಿನಲ್ಲಿ ಅವುಗಳ ನೆರಳು. ಈ ಒಂದು ಚಿತ್ರ ಸರಿಯಾಗಿ ಬಂದರೆ ಫೋಟೋದ ಹುಚ್ಚು ಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಅವಳು ಬನಶಂಕರಿಗೆ ಹರಕೆ ಹೊತ್ತಳು.

ಹುಣ್ಣಿಮೆ. ಗಾಳಿ ಇಲ್ಲ. ನೀರು ಕನ್ನಡಿಯ ಹಾಗೆ ನಿಂತಿತ್ತು. ಬೆಳದಿಂಗಳಿಗೆ ಬಹಳ ಹೊತ್ತು ಬೇಕು. ಹೊಸದಾಗಿ ಮಾಡಿಸಿದ ಮುಚ್ಚಳ ತೆಗೆದು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಕೂತೆ. ಎಲ್ಲ ಸುಸೂತ್ರ. ಇನ್ನೇನು ಮುಚ್ಚಬೇಕು ಅನ್ನುವಾಗ ಆಚೆ ದಂಡೆಯಲ್ಲಿ ಒಂದು ಕಂದೀಲು ಕಾಣಿಸಿತು. ಎಮ್ಮೆ ಕಳೆದುಕೊಂಡ ರೈತನೊಬ್ಬ ಹುಡುಕುತ್ತಾ ಬರುತ್ತಿದ್ದ.

"ಏ ಯಪ್ಪಾ, ಕಂದೀಲು ಆರಸೋ!" ಎಂದು ಕೂಗಿದೆ.

"ಸಿಕ್ತೇನ್ರಿ?" ಎಂದು ಅವನು ಕೂಗಿದ.

"ಕಂದೀಲು! ಕಂದೀಲು!"

"ಬಂದೆ, ಬಂದೆ, ಹಿಡಕೊಂಡಿರ್ರಿ!" ಎಂದು ಕಂದೀಲು ಬೀಸುತ್ತಾ ಕೆರೆಯ ದಂಡೆಗುಂಟ ಓಡುತ್ತಲೇ ಬಂದ. ಬಂದು, ಕರಿ ಅರಿವೆ ಹೊದ್ದು ಮೂರು ಕಾಲಿನ ಮೇಲೆ ನಿಂತ ನನ್ನ ಕ್ಯಾಮರಾದ ಮುಖಕ್ಕೆ ಕಂದೀಲು ಹಿಡಿದು, "ಇದು ನಮ್ಮ ಎಮ್ಮಿ ಅಲ್ರಿ" ಅಂದ.

ಪ್ಲೇಟು ತೊಳೆದೆ. ಗುಡ್ಡ, ಗುಡಿ, ನೀರು ಎಲ್ಲ ಬಂದಿದ್ದವು. ಆದರೆ ದಂಡೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಂಕಿಯ ಹಾವಿನ ಹಾಗೆ ಒಂದು ಗೆರೆ, ಕೊನೆಗೆ ಮೂಲೆಯಲ್ಲಿ ಒಂದು ದೊಡ್ಡ ಉರಿಯ ಉಂಡೆ. ಓಡುತ್ತಿದ್ದ ಮನುಷ್ಯ ಒಂದು ಕಡೆ ನಿಲ್ಲದ್ದರಿಂದ ಚಿತ್ರದಲ್ಲಿ ಬಿದ್ದಿರಲಿಲ್ಲ. ಕಂದೀಲು ಮಾತ್ರ ತಾನು ಹೋದ ದಾರಿಯನ್ನೆಲ್ಲ ಬರೆದಿತ್ತು.

ಬೇಸರದಿಂದ ಅದರ ಕಾಗದದ ಪ್ರತಿಯನ್ನು ಬಾದಾಮಿಯ ಕಿರಾಣಿ ಅಂಗಡಿಯವನಿಗೆ ಕೊಟ್ಟು ಬಂದಿದ್ದೆ. ಮುಂದಿನ ಸಲ ಹೋದರೆ ಅಂಗಡಿಯ ಮುಂದೆ ಗದ್ದಲ. ನನ್ನ ಕೆಟ್ಟ ಫೋಟೋಕ್ಕೆ ಹೂವಿನ ಮಾಲೆ, ಊದಿನಕಡ್ಡಿ. ಪಿಂಚಣಿ ತೆಗೆದುಕೊಂಡ ಒಬ್ಬ ಶಾಲೆಯ ಮಾಸ್ತರರು, "ಹಿಂದಿನ ಕಾಲದ ಋಷಿಗಳು ಹುಣ್ಣಿಮಿಗೆ ಬೆಳಕಾಗಿ ತೀರ್ಥಪ್ರದಕ್ಷಿಣಿ ಹಾಕ್ತಾರ" ಎಂದು ವಿವರಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಕಾಲ್ಮರಿ ಕಳಚಿ ಕೈಮುಗಿದು ನಿಂತವನು ಯಾರೆಂದರೆ, ಎಮ್ಮೆಯವನೇ.

ನನಗೆ ತಡೆಯಲಾಗಲಿಲ್ಲ. "ಅಲ್ಲೋ, ಅದು ನಿನ್ನ ಕಂದೀಲು!"

ಅವನು ಸಾವಕಾಶ ತಿರುಗಿ ನೋಡಿದ. "ನನ್ನ ಕಂದೀಲು ಆಗಿದ್ರ, ಹಿಡಕೊಂಡ ನಾ ಇದರಾಗ ಎಲ್ಲಿ ಅದೇನ್ರಿ?"

"ನೀ ಓಡಾಕತ್ತಿದ್ದಿ. ಓಡೂ ಮನಷ್ಯಾ ಇದರಾಗ ಬೀಳೂದಿಲ್ಲ."

"ಓಡೂ ಮನಷ್ಯಾ ಬೀಳೂದಿಲ್ಲ, ಅವನ ಕೈಯಾಗಿನ ಕಂದೀಲು ಬೀಳ್ತೈತಿ?" ಎಂದು ಅವನು ಮಂದಿಯ ಕಡೆ ನೋಡಿದ. ಮಂದಿಯೆಲ್ಲ ನಕ್ಕರು. ಮಾಸ್ತರರೂ ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಹತ್ತಿರ ಬಂದು ಮರುಕದಿಂದ ನನ್ನ ಹೆಗಲ ಮೇಲೆ ಕೈಯಿಟ್ಟ.

"ಅವತ್ತು ಈ ಬೆಳಕು ಓಡ್ಯಾಡಿದ್ದಕ್ಕನ ನನ್ನ ಎಮ್ಮಿ ಮನಿಗೆ ಬಂತ್ರಿ. ನೀವು ಅಲ್ಲೇ ಕುಂತಿದ್ರಿ, ನಿಮಗ ಕಾಣಲಿಲ್ಲ. ಏನ್ ಮಾಡೂದು? ಎಲ್ಲಾರಿಗೂ ಕಾಣೂದಿಲ್ರಿ ಇದು, ಪುಣ್ಯಾ ಬೇಕು."

ಇಳಕಲ್ಲಿನ ಬೀಗಿತ್ತಿ

ಇಳಕಲ್ಲಿನ ಒಬ್ಬ ನೇಕಾರರ ಹುಡುಗನಿಗೆ ಹುನಗುಂದದಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗಿಗೆ ತಂದೆತಾಯಿ ಇರಲಿಲ್ಲ, ಸಾಕಿದವಳು ಅಜ್ಜಿ. ಆ ಅಜ್ಜಿಗೆ ನಡು ಹಿಡಿದು ಚಕ್ಕಡಿ ಹತ್ತಲು ಆಗುತ್ತಿರಲಿಲ್ಲ. "ನಾ ಬರಾಕ ಆಗೂದಿಲ್ಲ. ಹುಡುಗನ್ನ, ಮನೀನ, ಮಗ್ಗಾನ, ಅತ್ತೀನ ಎಲ್ಲಾ ಒಂದರಾಗ ಕೂಡಿಸಿ ಫೋಟೋ ಕಳಸ್ರಿ. ನೋಡಿ ಹೂಂ ಅಂತೇನಿ" ಎಂದು ಹೇಳಿ ಕಳಿಸಿದ್ದಳು. ಹುಡುಗನ ಸೋದರಮಾವ ನನ್ನನ್ನು ಕರೆಯಲು ಬಂದ.

ನೇಕಾರರ ಮನೆಯೊಳಗೆ ಒಂದೇ ಬೆಳಕಿಂಡಿ. ಅದರಿಂದ ಇಳಿದ ಬೆಳಕು ಮಗ್ಗದ ಮೇಲೆ, ಅರ್ಧ ನೇಯ್ದ ಕೆಂಪು ಸೆರಗಿನ ಮೇಲೆ ಬೀಳುತ್ತಿತ್ತು. ಉಳಿದಿದ್ದೆಲ್ಲ ಕತ್ತಲು. ಇಂಥ ಬೆಳಕಿಗಾಗಿಯೇ ನಾನು ಹುಟ್ಟಿದ್ದು ಅನ್ನಿಸಿತು. ಹುಡುಗ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ. ಅವನ ತಾಯಿ ಪಕ್ಕದಲ್ಲಿ ಗೋಡೆಗೆ ಆನಿಕೊಂಡು ಕೂತಳು. ಗಟ್ಟಿ ಹೆಣ್ಣುಮಗಳು. ಗಟ್ಟಿ ಅಂದರೆ ಮೈಯಲ್ಲಿ, ಅದಕ್ಕಿಂತ ಬಾಯಲ್ಲಿ. ನಾನು ಸ್ಟ್ಯಾಂಡು ನಿಲ್ಲಿಸುವಷ್ಟರಲ್ಲಿ ತಮ್ಮನಿಗೆ, ಮಗನಿಗೆ, ಬೆಕ್ಕಿಗೆ, ನನಗೆ ಎಲ್ಲರಿಗೂ ಒಂದೊಂದು ಸುತ್ತು ಬೈದು ಮುಗಿಸಿದ್ದಳು.

"ಯವ್ವಾ, ನಾ ಮುಚ್ಚಳಾ ತಗದಾಗಿಂದ ಹಾಕೂತನಕ ಯಾರೂ ಅಳ್ಳಾಡಬಾರದು, ಮಾತಾಡಬಾರದು" ಅಂದೆ.

"ನನಗೇನ್ ಹೇಳ್ತಿ? ನಿನ್ನ ಪೆಟಗೀಗೆ ಹೇಳು" ಅಂದಳು.

ಮುಚ್ಚಳ ತೆಗೆದೆ. ಹುಡುಗ ಕಲ್ಲಿನಂತೆ ಕೂತ. ತಾಯಿಯೂ ಕೂತಳು. ಅರ್ಧ ಹೊತ್ತು ಕಳೆದಿತ್ತು, ಒಳಗಿಂದ ಹಾಲು ಸೀದ ವಾಸನೆ ಬಂತು.

"ಅಯ್ಯ ನನ್ನ ಹಾಲ!" ಎಂದು ಎದ್ದೇಬಿಟ್ಟಳು.

"ಯವ್ವಾ, ಕೂಡ್ರಿ!"

"ನೀ ನಡಸಪ್ಪಾ, ಈಗ ಬಂದೆ" ಎಂದು ಒಳಗೆ ಹೋದವಳು ಬರಲೇ ಇಲ್ಲ.

ಮನೆಗೆ ಬಂದು ತೊಳೆದು, ಕಾಗದದ ಮೇಲೆ ಪ್ರತಿ ಇಳಿಸಿದೆ. ಹುಡುಗ ಅಚ್ಚುಕಟ್ಟಾಗಿ ಬಂದಿದ್ದ. ತಾಯಿ ಅರ್ಧ ಹೊತ್ತು ಕೂತಿದ್ದಳಲ್ಲ, ಅರ್ಧ ಮಾತ್ರ ಬಂದಿದ್ದಳು. ಮುಖ ಇದೆ, ಮೂಗುತಿ ಇದೆ, ಆದರೆ ಹೊಗೆಯ ಹಾಗೆ. ಅವಳ ಹಿಂದಿನ ಗೋಡೆ, ಗೋಡೆಯ ಗೂಟ, ಗೂಟಕ್ಕೆ ತೂಗುಹಾಕಿದ ಜರಡಿ ಎಲ್ಲವೂ ಅವಳ ಹೊಟ್ಟೆಯೊಳಗಿಂದ ಕಾಣುತ್ತಿದ್ದವು. ಇದು ಆಗಲಿಲ್ಲ, ಮತ್ತೊಮ್ಮೆ ಹೋಗಿ ತೆಗೆಯಬೇಕು ಎಂದು ಒಂದು ಕಡೆಗೆ ಇಟ್ಟೆ.

ನಾನು ಮನೆಯಲ್ಲಿಲ್ಲದಾಗ ಸೋದರಮಾವ ಬಂದ. "ಅದು ಕೆಟ್ಟೈತಂತ" ಎಂದು ನನ್ನ ಹೆಂಡತಿ ಹೇಳಿದಳಂತೆ. "ಎಲ್ಲಿ ಕೆಟ್ಟೈತ್ರಿ? ಹುಡುಗ ಚಲೋ ಬಂದಾನ. ನಮ್ಮಕ್ಕ ಒಂದೀಟು ಬೆಳ್ಳಗ ಬಂದಾಳ, ಅದೂ ಚಲೋನ ಆತು" ಎಂದು ಎತ್ತಿಕೊಂಡು ಹೋಗಿ ಹುನಗುಂದಕ್ಕೆ ಮುಟ್ಟಿಸಿಯೇಬಿಟ್ಟ.

ವಾರ ಕಳೆಯುವಷ್ಟರಲ್ಲಿ ಮತ್ತೆ ಓಡಿಬಂದ. ಈ ಸಲ ಮುಖದಲ್ಲಿ ರಕ್ತವಿರಲಿಲ್ಲ.

"ಫೋಟೋ ಮಾಸ್ತರ್ರ, ನಮ್ಮ ಮನಿ ಹಾಳು ಮಾಡಿದ್ರಿ. ಅಜ್ಜಿ ಲಗ್ನಾ ಒಲ್ಲೆ ಅಂದಾಳ. ಇಳಕಲ್ಲ ಮನ್ಯಾಗ ದೆವ್ವ ಐತಿ, ತಾಯಿ ಸತ್ತು ದೆವ್ವಾಗಿ ಮಗನ ಮಗ್ಗಾ ಕಾಯಾಕತ್ತಾಳ, ಸತ್ತಿದ್ದನ್ನ ನಮ್ಮಿಂದ ಮುಚ್ಚಿಟ್ಟಾರ ಅಂತ ಊರ ತುಂಬ ಸುದ್ದಿ ಆಗೈತಿ!"

ಹುಡುಗ ಊಟ ಬಿಟ್ಟಿದ್ದನಂತೆ. ಅತ್ತ ಹುಡುಗಿಯೂ ಅಳುತ್ತಿದ್ದಳಂತೆ. ನನ್ನ ಒಂದು ಪ್ಲೇಟಿನಿಂದ ಎರಡು ಮನೆ ಕೆಡುತ್ತಿದ್ದವು. ಅವನ ಜೊತೆ ಹುನಗುಂದಕ್ಕೆ ಹೋದೆ. ಅಜ್ಜಿಯ ಮುಂದೆ ಕೂತು ಬೆಳಕು ಅಂದರೇನು, ಪ್ಲೇಟು ಅಂದರೇನು, ಅರ್ಧ ಹೊತ್ತು ಕೂತರೆ ಅರ್ಧವೇ ಹೇಗೆ ಬೀಳುತ್ತದೆ ಎಂದು ಗಂಟಲು ಒಣಗುವ ತನಕ ಹೇಳಿದೆ. ಅಜ್ಜಿ ಎಲೆಯಡಿಕೆ ಕುಟ್ಟುತ್ತಾ ಪೂರ್ತಿ ಕೇಳಿದಳು.

"ತಮ್ಮಾ, ಜೀವಂತ ಹೆಣಮಗಳ ಹೊಟ್ಟ್ಯಾಗ ಜರಡಿ ಕಾಣ್ತೈತೇನು?"

"ಫೋಟೋದಾಗ ಕಾಣ್ತೈತ್ರಿ ಅಜ್ಜಿ."

"ಹಂಗಾರ ಜೀವಂತ ಇದ್ದಾಕಿನ್ನ ಕರಕೊಂಡು ಬಾ. ಮುಟ್ಟಿ ನೋಡ್ತೇನಿ."

ಬೇರೆ ದಾರಿಯೇ ಇರಲಿಲ್ಲ. ಸೋದರಮಾವ ಇಳಕಲ್ಲಿಗೆ ಹೋಗಿ ಅಕ್ಕನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ದೆವ್ವ ಬರುತ್ತದೆಂದು ಓಣಿಯ ಜನ ಮಾಳಿಗೆ ಏರಿ ನಿಂತಿದ್ದರು. ಅವಳು ಇಳಿಯುತ್ತಲೇ ಮಾಳಿಗೆಯವರನ್ನು ಮೇಲೆ ನೋಡಿ ಬೈದಳು. ಚಕ್ಕಡಿಯವನನ್ನು ಬೈದಳು. ಬಾಗಿಲು ಗಿಡ್ಡ ಎಂದು ಬಾಗಿಲನ್ನು ಬೈದಳು.

ಒಳಗೆ ಬಂದವಳನ್ನು ಅಜ್ಜಿ ಹತ್ತಿರ ಕೂಡಿಸಿಕೊಂಡು ಮೊದಲು ಪಾದ ನೋಡಿದಳು. ಮುಂದಕ್ಕೇ ಇದ್ದವು. ನೆರಳು ನೋಡಿದಳು. ದಪ್ಪವಾಗಿ ಬಿದ್ದಿತ್ತು. ಆಮೇಲೆ ರಟ್ಟೆಯನ್ನು ಬಲವಾಗಿ ಚಿವುಟಿದಳು.

ಅಷ್ಟೇ. ಇಳಕಲ್ಲಿನವಳು ಬಾಯಿ ಬಿಟ್ಟಳು. "ನನ್ನ ಏನ್ ಹಿಟ್ಟು ಅಂತ ತಿಳದೀಯೇನ ಮುದುಕಿ, ಚಿವುಟಿ ನೋಡಾಕ? ಫೋಟೋದಾಗ ಕುಂತಾಗ ಜೀವಂತ ಅಂತ ತಿಳೀಲಿಲ್ಲ, ಮನಿಗೆ ಬಂದಾಗ ಬೀಗಿತ್ತಿ ಅಂತ ತಿಳೀಲಿಲ್ಲ! ನನ್ನ ಮಗಗ ಏನ್ ಕಡಿಮಿ ಐತಿ? ನಿನ್ನ ಮೊಮ್ಮಗಳು ಬಿಟ್ರ ಊರಾಗ ಹೆಣ್ಣಿಲ್ಲೇನು? ಜೀವಂತ ಇದ್ದಾಗನ ದೆವ್ವ ಅನಿಸಿಕೋಬೇಕೇನು ನಾ?" ಎಂದು ಶುರು ಮಾಡಿದವಳು ತನ್ನ ಗಂಡನ ಮನೆತನ, ತವರಿನ ಮನೆತನ, ಹಾಲು ಸೀದದ್ದು, ನನ್ನ ಪೆಟ್ಟಿಗೆ, ಪೆಟ್ಟಿಗೆಗೆ ಹೊದಿಸಿದ ಕರಿ ಅರಿವೆ, ಯಾವುದನ್ನೂ ಬಿಡಲಿಲ್ಲ. ಹೊರಗೆ ಕಟ್ಟಿದ ಎತ್ತುಗಳು ಮೇವು ಬಿಟ್ಟು ಕಿವಿ ನಿಮಿರಿಸಿ ನಿಂತವು.

ಎಲ್ಲ ಮುಗಿದು ಅವಳು ನೀರು ಕುಡಿಯಲು ನಿಂತಾಗ ಅಜ್ಜಿ ಮೆಲ್ಲಗೆ, "ಜೀವಂತ ಅದಾಳ, ಸಂಶೇ ಇಲ್ಲ" ಎಂದಳು. ಸೋದರಮಾವ ಆನಂದದಿಂದ ನನ್ನನ್ನು ಅಪ್ಪಿಕೊಂಡ. ಒಳಗೆ ಹುಡುಗಿಯ ಬಳೆ ಸಪ್ಪಳವಾಯಿತು. ಎಲೆಯಡಿಕೆ ತಟ್ಟೆ ಬಂತು, ಲಗ್ನದ ಮಾತು ಶುರುವಾಯಿತು. ನನ್ನ ಜೀವ ಜಾಗಕ್ಕೆ ಬಂದು ನಾನು ಹೊರಡಲು ಎದ್ದೆ.

ಅಜ್ಜಿ ಕೈಸನ್ನೆ ಮಾಡಿ ಹತ್ತಿರ ಕರೆದಳು. ನಾಲ್ಕೂ ಕಡೆ ನೋಡಿ, ಬೀಗಿತ್ತಿಗೆ ಕೇಳದ ಹಾಗೆ, ತಲೆದಿಂಬಿನ ಕೆಳಗಿಂದ ಆ ಫೋಟೋ ಹೊರಗೆ ತೆಗೆದಳು. ಹೊಗೆಯ ಹಾಗೆ ಬಾಯಿ ಮುಚ್ಚಿ ಕೂತ ಆ ಹೆಂಗಸನ್ನು ಬೆರಳಿನಿಂದ ಸವರಿ, ನನ್ನ ಕಿವಿಯಲ್ಲಿ ಕೇಳಿದಳು:

"ತಮ್ಮಾ, ನನ್ನ ಮೊಮ್ಮಗಳು ಭಾಳ ಮೆತ್ತಗಿನಾಕಿ. ಅತ್ತಿ ಅಂತ ಈಕಿನ್ನ ಕೊಡಾಕ ಬರೂದಿಲ್ಲೇನು?"